ಅಂಗಳದ ಹಗೇವಿನ್ಯಾಗ ಬಿಳೇ ಜ್ವಾಳ

ನಂಬಬ್ಯಾಡ್ರಿ. ನಂಬ್ರಿ ಅಂತ ನಾನೇನು ನಿಮ್ಮ ಗದ್ದ ಹಿಡಿಯಂಗಿಲ್ಲ. ಆದ್ರ ಈ ಕಟ್ಟಿ ಮ್ಯಾಲ ಕುಂತೋರೊಳಗ ಒಬ್ಬನಾದ್ರೂ ‘ಕೊಟ್ರಣ್ಣ ಸುಳ್ಳು ಬಿಡ್ತಾನ’ ಅನ್ನೋನಿದ್ರ ಎದ್ದು ನಿಲ್ಲಲಿ, ಅವನ ಕೈಯಾಗ ಗುದ್ದಲಿ ಕೊಡ್ತೀನಿ, ನಮ್ಮ ಅಂಗಳ ಅಗೀಲಿ, ಮಣ್ಣು ಈಗ್ಲೂ ಕರ್ರಗ ಐತಿ. ಅಲ್ಲಲೇ ಮಂಜಾ, ನೀನು ಹೊಸಪ್ಯಾಟಿಗೆ ಹೋಗಿ ಒಂದು ಸೋಪು ತಗೊಂಡ್ರ ಇನ್ನೊಂದು ಪುಕ್ಕಟ ಅಂತ ತಂದು, ಹೆಂಡ್ತಿಗೆ ತೋರಿಸಿ, ಅವ್ವಗ ತೋರಿಸಿ, ಸಾಲದ್ದಕ್ಕ ನನಗೂ ತೋರಿಸಾಕ ಬಂದಿಯಲ್ಲ, ಅದಕ್ಕ ಈ ಮಾತು ಬಂತು. ಮನಿ ಸಂತಿಯಾಗ ದುಡ್ಡು ಉಳಿಸೋದು ಹೆಂಗ ಅಂತ ನನ್ನ ಕೇಳು. ಈ ಓಣ್ಯಾಗ ನನ್ನಂಗ ಸಂತಿ ಮಾಡಿದ ಗಂಡಸು ಹುಟ್ಟಿಲ್ಲ, ಮುಂದೂ ಹುಟ್ಟಂಗಿಲ್ಲ, ಬರದು ಇಟ್ಕೋ.

ನಮ್ಮಪ್ಪ ತೀರಿಕೊಂಡಾಗ ನನಗ ಮೀಸಿ ಬಂದಿದ್ದಿಲ್ಲ, ಬರೂದ್ರೊಳಗ ಸಂತಿ ಚೀಲ ಹೆಗಲಿಗೆ ಬಂತು. ಮನ್ಯಾಗ ನಾನು, ನಮ್ಮವ್ವ, ನಮ್ಮಪ್ಪನ ತಾಯಿ ಅಂದ್ರ ನಮ್ಮಜ್ಜಿ, ಅಷ್ಟ. ನಮ್ಮಕ್ಕ ಗಂಗವ್ವನ್ನ ತೆಲಿಗಿಗೆ ಕೊಟ್ಟಿದ್ವಿ. ಅವ್ವ ಕೂಲಿಗೆ ಹೋಗಾಕಿ, ನಾನೂ ಹೋಗಾವ, ಬಂದಿದ್ರೊಳಗ ವಾರದ ಸಂತಿ. ಕೊಟ್ಟೂರಿಗೆ ಬಸ್ಸಿತ್ತು, ನಾನು ಹತ್ತಿಲ್ಲ, ನಡಕೊಂಡ ಹೋಗಾವ. ಹೋದ ಕೂಡ್ಲೆ ತಗೋತಿದ್ದೆ ಅಂತ ತಿಳದ್ರೇನು? ಬೇವಿನ ಗಿಡದ ಬುಡಕ್ಕ ಕುಂತು ಬಿಡ್ತಿದ್ದೆ. ಹೊತ್ತು ಇಳೀಬೇಕು, ಮಾರೋರಿಗೆ ಬಸ್ಸಿನ ಚಿಂತಿ ಹತ್ತಬೇಕು, ಆವಾಗ ಎದ್ದು ಹೋಗಬೇಕು. ಮೆಣಸಿನಕಾಯಿ ತಗೊಂಡ್ರ ಮುರದ ಚೂರು, ಬ್ಯಾಳಿ ತಗೊಂಡ್ರ ನುಚ್ಚು, ಬೆಲ್ಲ ತಗೊಂಡ್ರ ಒಡೆಯೋವಾಗ ಉದುರಿದ ಪುಡಿ. ಹೊಟ್ಟ್ಯಾಗ ಹೋದಮ್ಯಾಲ ಇಡೀದ್ಯಾವ್ದು ಚೂರ್ಯಾವ್ದು? ಆಮ್ಯಾಲ ಕೊಸರು. ತೂಗಿದಮ್ಯಾಲ ಮ್ಯಾಲೊಂದಿಷ್ಟು ಹಾಕ್ತಾರಲ್ಲ, ಅದು. ಒಬ್ಬಾಕಿ ಉಳ್ಳಾಗಡ್ಡಿ ಮಾರೋ ಮುದುಕಿ ಇದ್ಲು, ನನ್ನ ನೋಡಿದ್ರ ತಕ್ಕಡಿ ಮುಚ್ಚಿ ಇಡಾಕಿ.

‘ಯವ್ವಾ, ಕೊಸರು?’

‘ತೂಗಿ ಕೊಟ್ಟೀನಲ್ಲೋ!’

‘ತೂಗಿದ್ದು ನಿಂದು, ಕೊಸರು ನಂದು.’

‘ಏನು ಜೀನನೋ ನೀನು! ನಿನಗ ಹೆಣ್ಣು ಕೊಡೋನ ಗತಿ ಏನೋ?’

‘ಅವನ ಕಡಿಯಿಂದ ಎರಡು ಕೊಸರು ಇಸ್ಕೊಂತೀನಿ ಬಿಡು.’

ನಗ್ರಿ, ನಗ್ರಿ. ಆದ್ರ ಜ್ವಾಳಕ್ಕ ಇದ್ಯಾವುದೂ ನಡೀತಿದ್ದಿಲ್ಲ. ಅದನ್ನ ಹೇಳಾಕ ಹೊಂಟಿದ್ದೆ. ಮನಿ ತೂತು ಅಂದ್ರ ಜ್ವಾಳ. ಉಳ್ಳಾಗಡ್ಡಿ ಇಲ್ದ ಉಣಬೌದು, ಬ್ಯಾಳಿ ಇಲ್ದ ಖಾರದ ನೀರಿಗೆ ಅದ್ದಿ ಉಣಬೌದು, ರೊಟ್ಟಿ ಇಲ್ದ ಏನು ಉಣ್ತಿ? ಅಂಗಡ್ಯಾಗ ಸೇರಿನ ಲೆಕ್ಕದಾಗ ತರೋದು, ಸುಗ್ಗ್ಯಾಗ ಒಂದು ರೇಟು, ಮಳಿಗಾಲದಾಗ ಅದರ ದುಪ್ಪಟ್ಟು. ಏನಂದಿ? ರೇಶನ್ನೇನು? ಬರ್ತಿತ್ತಪಾ, ಬಂದಾಗ ಬರ್ತಿತ್ತು, ಚೀಲದ ಮೂಲಿಗೆ ಸಾಕಾಗೋವಷ್ಟು ಬರ್ತಿತ್ತು. ಆ ವರ್ಷ ಅಕ್ಕಗ ನೀರು ನಿಂತಿದ್ವು, ಬಸರಿ ಆಗಿದ್ಲು, ಚೊಚ್ಚಲ ಬಾಣಂತನ ನಮ್ಮದು. ತವರುಮನ್ಯಾಗ ಬಾಣಂತನ ಅಂದ್ರ ಸುಮ್ನೇನು? ಬಾಣಂತಿಗೆ ಬಿಳೇ ಜ್ವಾಳದ ಮೆತ್ತನ ರೊಟ್ಟಿ ಆಗಬೇಕು, ತುಪ್ಪ ಆಗಬೇಕು, ಅಂಟು ಕೊಬ್ಬರಿ ಕುಟ್ಟಿ ಉಂಡಿ ಕಟ್ಟಬೇಕು. ಅವ್ವ ದಿನಾ ಒಲಿ ಮುಂದ ಕುಂತು ಅದನ್ನ ಹೇಳಾಕಿ. ‘ಎಲ್ಲಿಂದ ತರೋದೋ ಕೊಟ್ರಾ? ಮಳಿಗಾಲದಾಗ ಹಡೀತಾಳ, ಜ್ವಾಳ ತುಟ್ಟಿ ಇರೋ ಹೊತ್ತಿನ್ಯಾಗ. ಜ್ವಾಳಕ್ಕ ಹಾಕ್ಲೋ, ತುಪ್ಪಕ್ಕ ಹಾಕ್ಲೋ?’

ಆವಾಗ ನನ್ನ ತಲಿ ಓಡಿತು ನೋಡ್ರಿ. ಜ್ವಾಳ ಸುಗ್ಗ್ಯಾಗ ತಗೋಬೇಕು. ಅಂಗಡ್ಯಾಗಲ್ಲ, ಹೊಳಲು ಕಡಿ ಎರೀ ಹೊಲದ ಕಣದಾಗ, ರಾಶಿ ಮಾಡೋವಾಗ. ವರ್ಷದ್ದು ಒಂದ ಸಲ ತರಬೇಕು, ಹಗೇವಿನ್ಯಾಗ ಹಾಕಬೇಕು. ಹಗೇವು ಗೊತ್ತೇನಲೇ ನಿಮಗ? ಮಿಕಿ ಮಿಕಿ ನೋಡ್ತಾರ ನೋಡು. ನಮ್ಮಜ್ಜನ ಕಾಲದ್ದು. ಅಂಗಳದಾಗ ನೆಲದೊಳಗ ಗಡಿಗಿ ಇದ್ದಂಗ ಕೊರದಿರ್ತಾರ, ಬಾಯಿ ಸಣ್ಣದು, ಒಬ್ಬ ಇಳಿಯೋವಷ್ಟ, ಹೊಟ್ಟಿ ದೊಡ್ಡದು. ಸುತ್ತಲೂ ಹುಲ್ಲು ಹಾಕಿ ಜ್ವಾಳ ಸುರದು, ಮ್ಯಾಲ ಮತ್ತ ಹುಲ್ಲು ಹಾಕಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಟ್ರ ಆತು, ಇಲಿ ಇಲ್ಲ, ಹುಳ ಇಲ್ಲ, ಕಳ್ಳ ಇಲ್ಲ. ಹೊಲ ಪಾಲಾಗಿ ಹೋದಮ್ಯಾಲ ಅದು ಖಾಲಿ ಬಿದ್ದಿತ್ತು, ಅದರ ಚಪ್ಪಡಿ ಮ್ಯಾಲ ನಾವು ಗೋಲಿ ಆಡ್ತಿದ್ವಿ. ಅಜ್ಜಿಗೆ ಹೇಳಿದೆ. ಮುದುಕಿ ಮುಖ ಅರಳಿತು. ‘ನಮ್ಮ ಹಗೇವು ಒಂದು ಕಾಳು ಕೆಡಿಸಿಲ್ಲ ಯಪ್ಪಾ. ನಿಮ್ಮಜ್ಜ ಹಾಕಿದ್ದು ಎಷ್ಟೋ ವರ್ಷ ಬಿಟ್ಟು ತೆಗೆದ್ರೂ ನಿನ್ನೆ ರಾಶಿ ಮಾಡಿದಂಗ ಇರ್ತಿತ್ತು. ತುಂಬಸು.’ ಓಣ್ಯಾಗಿನ ಹೆಂಗಸರೂ ಅದನ್ನ ಅಂದ್ರು, ಹುಡುಗ ಶಾಣ್ಯಾ ಅದಾನ ಅಂದ್ರು. ಹೌದು, ಶಾಣ್ಯಾ ಇದ್ದೆ. ಈಗ್ಲೂ ಅದೀನಿ.

ಅವ್ವ ಒಬ್ಬಾಕಿ ಅನುಮಾನ ಮಾಡಿದ್ಲು, ಅದೂ ಜ್ವಾಳದ ಮ್ಯಾಲಲ್ಲ, ಆಡಿನ ಮ್ಯಾಲ. ಒಂದ ಸಲಕ್ಕ ಅಷ್ಟು ಜ್ವಾಳ ತರಬೇಕಂದ್ರ ಆಡು ಮಾರಬೇಕಿತ್ತು. ಮನ್ಯಾಗ ಇದ್ದ ಆಸ್ತಿ ಅವಷ್ಟ.

‘ಆಡು ಹೋದ್ರ ಹಾಲು ಎಲ್ಲೀದೋ? ನಾಳಿ ಕೂಸು ಬಾಣಂತಿ ಇರ್ತಾವ.’

‘ಜ್ವಾಳ ಮನ್ಯಾಗ ಇದ್ರ ಕೂಲಿ ದುಡ್ಡೆಲ್ಲಾ ಹಾಲು ತುಪ್ಪಕ್ಕ ಉಳೀತೈತಿ ಬೇ. ಹಗ್ಗ ಬಿಡು.’

ಬಿಟ್ಲು. ಆಡುಗಳು ಸಂತ್ಯಾಗ ಒದರಿದ್ದು ಬ್ಯಾಡ ಬಿಡ್ರಿ, ಅದು ಬ್ಯಾರೆ ಕತಿ. ಹೊಳಲು ಕಡಿ ಹೋದೆ. ಕಣದ ಗೌಡ ಒಂದು ರೇಟು ಹೇಳಿದ. ನಾನು ಅಂಗಿ ತೆಗದು ಅವನ ರಾಶಿ ತೂರಾಕ ನಿಂತೆ. ಹೊತ್ತು ಮುಣುಗೂತನ ತೂರಿದೆ, ಕಣ್ಣಾಗ ಹೊಟ್ಟು, ಮೂಗಿನ್ಯಾಗ ಹೊಟ್ಟು. ‘ಏ ಹುಡುಗಾ, ಕೂಲಿ ಎಷ್ಟು?’ ಅಂದ. ‘ಕೂಲಿ ಬ್ಯಾಡ್ರಿ ಗೌಡ್ರ, ರೇಟು ಇಳಸ್ರಿ’ ಅಂದೆ. ನಕ್ಕ, ಇಳಿಸಿದ. ಎಂಥಾ ಜ್ವಾಳ ಅಂತೀರಿ! ಮುತ್ತು. ಕೊಟ್ಟೂರು ಕಡಿ ಖಾಲಿ ಬರೋ ಇಟ್ಟಂಗಿ ಟ್ರ್ಯಾಕ್ಟರ್ ಹಿಡದು, ಚೀಲದ ಮ್ಯಾಲ ಕುಂತು ಊರಾಗ ಬಂದೆ ನೋಡ್ರಿ, ಮದಿವಿ ಮೆರವಣಿಗಿ ಏನು ಮಾಡೀತು? ಬಾಜು ಮನಿ ಬಸಣ್ಣ, ನಾನು ಕೂಡಿ ಹಗೇವು ಕಸ ತೆಗದ್ವಿ, ಬೇವಿನ ತಪ್ಪಲ ಹೊಗಿ ಹಾಕಿದ್ವಿ, ಹುಲ್ಲು ಹಾಸಿದ್ವಿ, ಅಜ್ಜಿ ಮ್ಯಾಲ ಕುಂತು ‘ಅಲ್ಲಿ ದಟ್ಟ ಹಾಕೋ, ಅಲ್ಲಿ ತೆಳ್ಳಗಾತು’ ಅಂತ ಹೇಳಾಕಿ. ಕಾರಹುಣ್ಣಿಮಿತನ ಉಣ್ಣಾಕ ಆಗೋವಷ್ಟು ಮ್ಯಾಲ ಇಟ್ಕೊಂಡು ಉಳದದ್ದೆಲ್ಲಾ ಸುರದ್ವಿ. ಚಪ್ಪಡಿ ಮುಚ್ಚಿ ಸೆಗಣಿ ಸಾರಿಸಿ, ಅಜ್ಜಿ ಮ್ಯಾಲೊಂದು ರಂಗೋಲಿನೂ ಹಾಕಿದ್ಲು.

ಈಗ ಕೇಳ್ರಿ. ನಮ್ಮಜ್ಜನ ಕಾಲದಾಗ ನಮ್ಮ ಅಂಗಳದ ಬದಿಗೆ ನಳ ಇದ್ದಿಲ್ಲ. ಪಂಚಾಯ್ತ್ಯೋರು ಹಿಂದಿನ ವರ್ಷ ಹಾಕಿದ್ದು. ಓಣಿಗೆಲ್ಲಾ ಒಂದ ನಳ, ಅದೂ ನಮ್ಮ ಬಾಗಿಲಿಗೆ, ಅವ್ವ ಅದಕ್ಕ ಅರಿಷಿಣ ಕುಂಕುಮ ಹಚ್ಚಿದಾಕಿ. ಎಲ್ಲಾರೂ ಅಲ್ಲೇ ಕೊಡ ತುಂಬೋರು, ಅಲ್ಲೇ ಅರಬಿ ಒಗೆಯೋರು, ನೀರು ಹಾಸುಗಲ್ಲಿನ ಮ್ಯಾಲ ನಿಂತು, ಹರದು, ಇಂಗಿ ಹೋಗ್ತಿತ್ತು. ಎಲ್ಲಿಗೆ ಹೋಗ್ತೈತಿ ಅಂತ ಯಾರು ಕೇಳ್ತಾರ? ನೀರು ಬಂದದ್ದ ದೊಡ್ಡದು. ನಳ ಕಣ್ಣೆದುರಿಗೆ, ಹಗೇವು ಕಾಲಕೆಳಗ, ನಡುವ ಒಂದು ಮಾರು ಅಂತರ ಇಲ್ಲ. ನನಗ ಹೊಳೀಲಿಲ್ಲ, ಅಜ್ಜಿಗೆ ಹೊಳೀಲಿಲ್ಲ, ಬಸಣ್ಣಗ ಹೊಳೀಲಿಲ್ಲ, ಓಣಿಗೆ ಓಣಿ ಆ ರಂಗೋಲಿ ತುಳಕೊಂಡು ಹೋಗಿ ನೀರು ತುಂಬಿತು.

ಅಕ್ಕ ಕುಬುಸ ಮುಗಿಸಿಕೊಂಡು ಹಡಿಯಾಕ ಬಂದ್ಲು, ಮುಖ ತುಂಬಿತ್ತು. ಕಾರಹುಣ್ಣಿಮಿ ಕಳೀತು, ಮ್ಯಾಲ ಇಟ್ಟಿದ್ದ ಜ್ವಾಳ ತೀರಿತು. ಒಂದು ಮುಂಜಾನಿ ಚಪ್ಪಡಿ ಎತ್ತಿದ್ವಿ. ಎತ್ತಿದ ಕೂಡ್ಲೆ ಬಿಸಿ ಹಬಿ ಮುಖಕ್ಕ ಬಡೀತು. ಅನ್ನದ ಗಡಿಗಿ ಮುಚ್ಚಳ ತೆಗೆದಂಗ. ಬಸಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಹಗ್ಗಕ್ಕ ದೀಪ ಕಟ್ಟಿ ಬಿಟ್ರ, ಬಾಯಿ ದಾಟೋದ್ರೊಳಗ ಆರಿತು. ದೀಪ ಆರಿದ್ರ ಮನುಷ್ಯಾನೂ ಆರ್ತಾನ, ಇಳೀಬಾರದು. ಇಡೀ ದಿನ ಬಾಯಿ ತೆರದು ಬಿಟ್ವಿ. ಮರುದಿನ ದೀಪ ನಿಂತಿತು. ನಡಕ್ಕ ಹಗ್ಗ ಕಟ್ಕೊಂಡು ನಾನ ಇಳದೆ, ಬ್ಯಾರೆಯವರನ್ನ ಇಳಿಸಲಿಲ್ಲ. ಇಳದು ಕಾಲು ಊರಿದ್ರ ಕಾಳು ಸರೀಲಿಲ್ಲ. ಜ್ವಾಳದ ಮ್ಯಾಲ ನಿಂತ್ರ ಕಾಲು ಹುಗೀಬೇಕಲ್ಲ? ಹುಗೀಲಿಲ್ಲ, ಗಟ್ಟಿ, ಹಿಂಡಿ ಇದ್ದಂಗ. ಕೈಲೆ ಕೆತ್ತಿದೆ. ಗೋಡಿ ಕಡಿ ಕರ್ರಗ, ಮೆತ್ತಗ, ಮೊಳಕಿ ಬಂದು ಕೊಳತದ್ದು, ನಡುವಿಂದು ಕಂದು ಬಣ್ಣ, ವಾಸನಿ ಅಂದ್ರ ಕಣ್ಣಾಗ ನೀರು ಬರೋವಂಥದ್ದು. ಮ್ಯಾಲಿಂದ ಅಕ್ಕನ ದನಿ. ಹೊಟ್ಟಿ ಹಿಡಕೊಂಡು ಬಗ್ಗ್ಯಾಳ, ಅಕಿ ನೆರಳು ನನ್ನ ಮ್ಯಾಲ ಬಿದ್ದೈತಿ.

‘ಹೆಂಗೈತೋ ತಮ್ಮಾ?’

ನಾನು ಇನ್ನೊಂದು ಕಡಿ ಕೆತ್ತಿದೆ.

‘ಏ ಕೊಟ್ರಾ, ಜ್ವಾಳ ಹೆಂಗೈತೋ?’

‘ಬುಟ್ಟಿ ಬಿಡ್ರಿ’ ಅಂದೆ.

ಓಣಿ ತುಂಬಾ ಹಾಸಿ ಒಣಗಿಸಿದ್ವಿ. ಆಕಳು ಬಂತು, ಮೂಗು ಇಟ್ಟು ಮೂಸಿತು, ಹೊಳ್ಳಿ ಹೋತು. ಕೊಳತದ್ದು ತಿಪ್ಪಿಗೆ ಹೋತು. ನಡುವಿನ ಕಂದು ಜ್ವಾಳ ತೊಳದು, ಒಣಗಿಸಿ, ಮತ್ತ ತೊಳದು, ಮನ್ಯಾಗ ಇಟ್ಕೊಂಡ್ವಿ, ಯಾಕಂದ್ರ ಬ್ಯಾರೆ ಏನೂ ಇದ್ದಿಲ್ಲ. ಗಿರಣಿಯಾವ ಬೀಸಾಕ ಒಪ್ಪಲಿಲ್ಲ. ‘ನಿಮ್ಮದು ಹಾಕಿದ್ರ ಹಿಂದ ಬಂದೋರ ಹಿಟ್ಟು ನಾರ್ತೈತಿ, ತಪ್ಪು ತಿಳ್ಕೋಬ್ಯಾಡ್ರಿ’ ಅಂದ. ತಪ್ಪೇನು ತಿಳ್ಕೋಳೋದು, ಖರೇನ ಇತ್ತು. ಅಜ್ಜಿ ಬೀಸೋಕಲ್ಲು ಹಿಡದ್ಲು. ಆ ಹಿಟ್ಟಿಗೆ ಜಿಗಿ ಇಲ್ಲ, ತಟ್ಟಾಕ ಹೋದ್ರ ರೊಟ್ಟಿ ಹರೀತೈತಿ, ಹೆಂಚಿನ ಮ್ಯಾಲ ಹಾಕಿದ್ರ ಮನಿತುಂಬ ವಾಸನಿ. ಉಂಡ್ರ ಕಹಿ. ಖಾರ ಹೆಚ್ಚು ಹಾಕ್ಕೊಂಡು ಉಂಡ್ವಿ. ಬೀಸೋವಾಗ ಹಾಡಾಕಿ ನಮ್ಮಜ್ಜಿ, ಆ ಮಳಿಗಾಲ ಅಕಿ ಬಾಯಿ ಬಿಚ್ಚಲಿಲ್ಲ. ‘ನಮ್ಮ ಹಗೇವು ಒಂದು ಕಾಳು ಕೆಡಿಸಿಲ್ಲ’ ಅಂದ ಬಾಯಿ ಅದು, ಹೆಂಗ ಬಿಚ್ಚೀತು?

ಆ ಕಾಳು ಒಣಗೋದ್ರೊಳಗ ಅಕ್ಕ ಹಡದ್ಲು. ಗಂಡುಕೂಸು. ಅವ್ವ ಬಾಣಂತಿಗಂತ ಅಂಗಡ್ಯಾಗಿಂದ ಬಿಳೇ ಜ್ವಾಳ ಸೇರಿನ ಲೆಕ್ಕದಾಗ ತಂದ್ಲು, ದುಪ್ಪಟ್ಟು ರೇಟಿಗೆ. ಯಾವುದು ಉಳಿಸಬೇಕಂತ ಆಡು ಮಾರಿದ್ವೋ ಅದನ್ನ ಕೊಟ್ವಿ. ತುಪ್ಪ ಎಲ್ಲೀದು, ಕೊಬ್ಬರಿ ಎಲ್ಲೀದು? ಅಕ್ಕ ಒಳಗಿನ ಕೋಣ್ಯಾಗ ಹೊರಸಿನ ಮ್ಯಾಲ, ತಲಿಗೆ ಬಟ್ಟಿ ಕಟ್ಕೊಂಡು, ಕೆಳಗ ಕೆಂಡದ ಹೊಗಿ. ಅಕಿಗೆ ಬ್ಯಾರೆ ರೊಟ್ಟಿ, ನಮಗ ಬ್ಯಾರೆ ರೊಟ್ಟಿ. ನಾವು ಆ ಕಂದು ಜ್ವಾಳ ಉಣ್ತೀವಂತ ಅಕಿಗೆ ಹೇಳಿದ್ದಿಲ್ಲ. ಕೆಟ್ಟಿದ್ದು ಸ್ವಲ್ಪ, ಒಳ್ಳೇದು ಇನ್ನೂ ಐತಿ ಅಂತ ಅವ್ವ ಅಂದಿದ್ಲು. ಒಂದಿನ ನಾನು ಕೂಸಿನ್ನ ಎತ್ಕೊಂಡೆ.

‘ನಿನ್ನ ಕೈ ಯಾಕೋ ಹಂಗ ನಾರ್ತೈತಿ?’ ಅಂದ್ಲು ಅಕ್ಕ.

‘ಚರಂಡಿ ಕೆಲಸಕ್ಕ ಹೋಗಿದ್ದೆ.’

‘ಅವ್ವನ ಕೈನೂ ನಾರ್ತೈತಿ. ಅಕಿನೂ ಚರಂಡಿಗೆ ಹೋಗಿದ್ಲೇನು?’

ಎದ್ದು ಬಂದ್ಲು. ಬಾಣಂತಿ ಹೊರಗ ಗಾಳಿಗೆ ಬರಬಾರದು, ಬಂದ್ಲು. ರೊಟ್ಟಿ ಬುಟ್ಟಿ ತೆಗದ್ಲು. ಮ್ಯಾಲ ಅರಬ್ಯಾಗ ಸುತ್ತಿದ ಬಿಳೇ ರೊಟ್ಟಿ, ಕೆಳಗ ನಮ್ಮವು. ನಮ್ಮದೊಂದು ಮುರದು ಬಾಯಾಗ ಇಟ್ಕೊಂಡ್ಲು. ಅವ್ವ ಓಡಿ ಹೋಗಿ ಗದ್ದ ಹಿಡದ್ಲು, ‘ಉಗಳ ಗಂಗಾ, ನಿನ್ನ ಕಾಲು ಬೀಳ್ತೀನಿ, ಉಗಳ.’ ಉಗಳಲಿಲ್ಲ. ‘ನಾ ಒಬ್ಬಾಕಿ ಮನುಷ್ಯಾಳು, ನೀವು ದನಾನೇನು? ಇವತ್ತಿಂದ ಎರಡೂ ಕೂಡಿಸಿ ಬೀಸ್ರಿ. ಎಲ್ಲಾರಿಗೂ ಒಂದ ರೊಟ್ಟಿ. ಇಲ್ಲಂದ್ರ ನಾ ಉಣ್ಣಂಗಿಲ್ಲ.’ ನನ್ನ ಅಕ್ಕಲೇ ಅಕಿ, ಹಠ ನಮ್ಮ ಮನಿ ಹಠ. ಎರಡು ಹೊತ್ತು ಉಪವಾಸ ಕುಂತ್ಲು, ಅವ್ವ ಸೋತ್ಲು. ಕೂಡಿಸಿ ಬೀಸಿದ್ವಿ.

ಆ ವಾರದಾಗ ಕೂಸಿಗೆ ಭೇದಿ ಹತ್ತಿತು. ಹಸರು ಹಸರು, ನಿಲ್ಲವಲ್ದು. ಹೊಟ್ಟಿಯಾಗಿನ ರೊಟ್ಟಿ ಹಾಲಿನ್ಯಾಗ ಬಂತೋ, ಮಳಿಗಾಲದ ನೀರೋ, ನನಗ ಇವತ್ತಿಗೂ ಗೊತ್ತಿಲ್ಲ. ಕೊಟ್ಟೂರಿನ ಡಾಕ್ಟರು ನೀರು ಕುದಿಸ್ರಿ ಅಂದ್ರು, ಪುಡಿ ಕೊಟ್ರು, ರೊಟ್ಟಿ ಸುದ್ದಿ ಅವರು ಎತ್ತಲೇ ಇಲ್ಲ. ಅವ್ವ ಕೇಳಂಗಿಲ್ಲ, ರೊಟ್ಟಿಯಿಂದನ ಆತು ಅಂತಾಳ. ಕೂಸಿನ ತೊಡಿ ಚರ್ಮ ಜೋತಾಡಿತು, ಅಳಾಕೂ ದನಿ ಇದ್ದಿಲ್ಲ ಅದಕ್ಕ. ನಾನು ಅಂಗಳದಾಗ ನಿಂತು ಆ ಹಗೇವಿನ ಬಾಯಿ ನೋಡ್ತಿದ್ದೆ. ಅದರಾಗ ಇಳದು ಯಾರಾದ್ರೂ ಚಪ್ಪಡಿ ಮುಚ್ಚಲಿ ಅನ್ನಿಸ್ತಿತ್ತು. ನಗಬ್ಯಾಡ್ರಿ, ಖರೇನ ಅನ್ನಿಸ್ತಿತ್ತು.

ತೆಲಿಗಿಯಿಂದ ಅಕ್ಕನ ಅತ್ತಿ ಬಂದ್ಲು, ಯಾರೋ ಸುದ್ದಿ ಮುಟ್ಟಿಸಿದ್ರು. ಎತ್ತರದ ಹೆಂಗಸು, ಮಾತು ಕಡಿಮಿ. ಕೂಸಿನ್ನ ನೋಡಿದ್ಲು, ಹೊಟ್ಟಿ ಮುಟ್ಟಿದ್ಲು, ಮೂಗಿಲೆ ಉಸರು ಎಳದ್ಲು, ಮನಿ ವಾಸನಿ ಬಡೀತು. ಸೀದಾ ರೊಟ್ಟಿ ಬುಟ್ಟಿಗೆ ಹೋದ್ಲು. ಒಂದು ಮುರದು, ಮೂಸಿ, ಬಾಯಾಗ ಹಾಕ್ಕೊಂಡು ಅಗದ್ಲು. ನುಂಗಿದ್ಲು. ನಾವೆಲ್ಲಾ ನಿಂತೀವಿ.

‘ಇದನ್ನ ಯಾವಾಗಿಂದ ಉಣ್ತಿದೀರಿ?’

ಅವ್ವ ಸೆರಗು ಒಡ್ಡಿದ್ಲು. ‘ಬಾಣಂತಿಗೆ ಬ್ಯಾರೆ ಮಾಡಿದ್ವಿ ಯಕ್ಕಾ, ದೇವರಾಣಿ ಬ್ಯಾರೆ ಮಾಡಿದ್ವಿ, ಅಕೀನ ಹಠ ಮಾಡಿ...’

‘ನಾನು ಬಾಣಂತಿ ಸುದ್ದಿ ಕೇಳಲಿಲ್ಲ ಕಣವ್ವಾ. ನಿಮ್ಮನ್ನ ಕೇಳಿದೆ.’

ಬೈದಿದ್ರ ನಾನೂ ಬೈತಿದ್ದೆ. ನನ್ನ ಬಾಯಿ ಗೊತ್ತಲ್ಲ ನಿಮಗ? ಬೈಲಿಲ್ಲ ನೋಡ್ರಿ. ‘ಈಗಿನ ಬಸ್ಸಿಗೆ ಸೊಸೀನ ಕರಕೊಂಡು ಹೋಗ್ತೀನಿ, ಹರಪನಹಳ್ಳ್ಯಾಗೆ ಕೂಸಿಗೆ ತೋರಿಸ್ತೀನಿ’ ಅಂದ್ಲು. ತೊಟ್ಟಿಲು ಇಲ್ಲ, ಸೀರಿ ಇಲ್ಲ, ತವರಿಂದ ಬಾಣಂತಿ ಹಂಗ ಹೋಗೋದುಂಟೇನು? ಅವ್ವ ಉಡಿ ತುಂಬಾಕಾದ್ರೂ ಅಕ್ಕಿ ಬೇಕಂತ ಮನಿ ಮನಿ ಓಡಿದ್ಲು. ಬಸಣ್ಣನ ಹೆಂಡ್ತಿ ಒಂದು ಬೊಗಸಿ ಅಕ್ಕಿ, ಇನ್ನೊಬ್ಬಾಕಿ ಅರ್ಧ ಬಟ್ಲ ಕೊಬ್ಬರಿ ಕೊಟ್ಲು. ಬಸ್ಸು ಹಾರನ್ ಹಾಕಾಕತ್ತೈತಿ, ಅವ್ವ ಬಸ್ಸಿನ ಬಾಗಲದಾಗ ನಿಂತು ಅಕ್ಕನ ಸೆರಗಿನ್ಯಾಗ ಆ ಅಕ್ಕಿ ಹಾಕ್ತಾಳ, ಬಸ್ಸು ಅಲುಗಿ ಅರ್ಧ ಕೆಳಗ. ಅಕ್ಕ ಅಳಲಿಲ್ಲ. ನನ್ನ ಕಡಿ ನೋಡಲೂ ಇಲ್ಲ. ಬಸ್ಸು ಹೋದಮ್ಯಾಲ ಅವ್ವ ಕೆಳಗ ಬಿದ್ದ ಅಕ್ಕಿ ಆರಿಸಿದ್ಲು, ಬಸಣ್ಣನ ಹೆಂಡ್ತಿಗೆ ಹೊಳ್ಳಿ ಕೊಟ್ಲು.

ಆಮ್ಯಾಲ ಕೂಸು ಉಳೀತು. ಉಳೀತಲೇ, ಈಗ ಅವ ಗಿಡ ಹತ್ತಿ ಮಂಗ್ಯಾನಂಗ ಜಿಗೀತಾನ, ಹೆದರಬ್ಯಾಡ್ರಿ. ಆದ್ರ ಅಕ್ಕನ ಎರಡನೇ ಬಾಣಂತನ ನಮ್ಮ ಮನ್ಯಾಗ ಆಗಲಿಲ್ಲ, ಮೂರನೇದೂ ಆಗಲಿಲ್ಲ. ಯಾರೂ ಕಳಿಸಂಗಿಲ್ಲ ಅನ್ನಲಿಲ್ಲ. ನಾವೂ ಕರೀಲಿಲ್ಲ. ಯಾವ ಬಾಯಿಲೆ ಕರೀಬೇಕು?

ಕೂಸು ಚೇತರಿಸಿಕೊಂಡೈತಿ ಅಂತ ಸುದ್ದಿ ಬಂದಾಗ ನೋಡಾಕ ತೆಲಿಗಿಗೆ ಹೋದೆ, ಕೈಯಾಗ ಒಂದು ಬಿಸ್ಕಿಟ್ ಪುಡಿಕಿ. ಅಕ್ಕ ಪಡಸಾಲ್ಯಾಗ ಕುಂತು ಬಿಸಿ ರೊಟ್ಟಿ ಉಣ್ಣಾಕತ್ತಿದ್ಲು, ತುಪ್ಪ ಸೋರ್ತಿತ್ತು. ನನ್ನ ನೋಡಿ ಉಣ್ಣೋದು ನಿಲ್ಲಿಸಿದ್ಲು. ‘ಅವ್ವ ಏನು ಉಣ್ತಾಳ?’ ಅಂದ್ಲು. ನಾ ಕೂಸಿನ್ನ ಆಡಿಸಿಕೊಂತ ಕುಂತೆ. ಹೊಂಡೋವಾಗ ನೋಡ್ತೀನಿ, ಅಕಿ ಅತ್ತಿ ಬಾಗಲದಾಗ ಒಂದು ಜ್ವಾಳದ ಚೀಲ ಬಾಯಿ ಹೊಲಿಸಿ ನಿಲ್ಲಿಸ್ಯಾಳ.

‘ಇದನ್ನ ಬಸ್ಸಿನ ಮ್ಯಾಲೆ ಹಾಕ್ಕೊಂಡು ಹೋಗಪ್ಪ.’

‘ಬ್ಯಾಡ್ರಿ ಅತ್ತಿ. ಹೆಣ್ಣಿನ ಕಡಿಯೋರು ನಾವು. ನಾವು ಕೊಡೋರು, ತಗೊಳ್ಳೋರಲ್ಲ.’

‘ಕೊಡಾಕೆ ಏನೈತಪ್ಪಾ ನಿಮ್ಮತ್ರ?’

ಅಷ್ಟ ಅಂದ್ಲು. ಹಂಗಿಸಿ ಅನ್ನಲಿಲ್ಲ, ಕೇಳಿದ್ಲು. ನಾನು, ಕಣದ ಗೌಡನ ರೇಟು ಇಳಿಸಿದ ಕೊಟ್ರ, ಬಗ್ಗಿದೆ. ಚೀಲ ಎತ್ತಿ ಹೆಗಲಿಗೆ ಹಾಕ್ಕೊಂಡೆ. ಊರಾಗ ಇಳದು ಹಾಡಾಹಗಲಾಗ ಓಣ್ಯಾಗ ಹೊತ್ಕೊಂಡು ಬಂದೆ. ನಳದ ಮುಂದ ಹೆಂಗಸರು ನಿಂತಿದ್ರು. ‘ಎಲ್ಲಿ ತಂದ್ಯೋ ಕೊಟ್ರಾ, ಯಾವ ರೇಟಿಗೆ ಹತ್ತಿತು?’ ಅಂದ್ರು. ‘ಬೀಗರು ಕೊಟ್ರು’ ಅಂದೆ. ಕೊಡ ತುಂಬಿ ಹರೀತಿತ್ತು, ಯಾರೂ ಸರಿಸಲಿಲ್ಲ. ಒಳಗ ಇಳಿಸಿದೆ. ಅಜ್ಜಿ ಗೋಡಿ ಕಡಿ ಹೊಳ್ಳಿ ಮಲಗಿದ್ಲು. ಅವ್ವ ಹೊಲಿಗಿ ಬಿಚ್ಚಿ ಮೊರ ತುಂಬಿಕೊಂಡು ಗಿರಣಿಗೆ ಹೋದ್ಲು.

ಉಳಿಸ್ರಲೇ, ಬ್ಯಾಡ ಅನ್ನಂಗಿಲ್ಲ. ಆದ್ರ ಮನ್ಯಾಗ ಬಾಣಂತಿ ಬರೋಳಿದ್ರ ಆಯಾ ವಾರದ ಜ್ವಾಳ ಆಯಾ ವಾರ ತರ್ರಿ, ತುಟ್ಟಿ ಇದ್ರೂ ತರ್ರಿ. ಆಡು ಮಾರಿ, ಕಣ ತೂರಿ, ನೆಲದೊಳಗ ಇಳದಿದ್ದಕ್ಕ ಕಡೀಗೆ ನನಗ ಸಿಕ್ಕಿದ್ದು ಅಕ್ಕನ ಗಂಡನ ಮನ್ಯೋರು ಕೊಟ್ಟ ಒಂದು ಚೀಲ ಬಿಳೇ ಜ್ವಾಳ. ಉಂಡ್ವಿ.